ಅಂಶವಿದೆ, ಛೇದವೆಲ್ಲಿ?

2010ರ ಆಗಸ್ಟ್ ತಿಂಗಳಲ್ಲಿ ‘ದಿ ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನ ಪ್ರಬಂಧ ನಮ್ಮ ದೇಶದಲ್ಲಿ ದೊಡ್ಡ ಗದ್ದಲ ಎಬ್ಬಿಸಿತು. ಪ್ರತಿಜೈವಿಕಗಳಿಗೆ, ಅಂದರೆ ಆಂಟಿಬಯಾಟಿಕ್ ಔಷಧಗಳಿಗೆ, ಬಗ್ಗದ ಬ್ಯಾಕ್ಟೀರಿಯಗಳು ಭಾರತ, ಪಾಕಿಸ್ತಾನ ಮತ್ತು ಬ್ರಿಟನ್ನಿನಲ್ಲಿ ಹರಡಿವೆ ಎಂಬುದು ಅದರ ಸಾರ. ಆ ಬ್ಯಾಕ್ಟೀರಿಯಗಳು ತಯಾರಿಸುವ ಕಿಣ್ವದ ಹೆಸರು ‘ನ್ಯೂ ಡೆಲ್ಲಿ ಮೆಟಲೊ ಬೀಟಾ ಲ್ಯಾಕ್ಟಮೇಸ್-1’; ಚಿಕ್ಕದಾಗಿ ಎನ್‌ಡಿಎಂ-1. ಹೆಸರಿನಲ್ಲಿ ನಮ್ಮ ರಾಜಧಾನಿ ಇತ್ತು. ಸಂಸತ್ತಿನಿಂದ ಹಿಡಿದು ಪತ್ರಿಕೆಗಳ ವಾಚಕರ ವಾಣಿಯವರೆಗೆ ಚರ್ಚೆಯಾದದ್ದು ಆ ಹೆಸರು. ಪ್ರಬಂಧದ ಒಳಗಿದ್ದ ಸಂಖ್ಯೆಗಳನ್ನು ಓದಿದವರು ಕಡಿಮೆ.

ಆ ಸಂಖ್ಯೆಗಳನ್ನು ಈಗ ನಾವು ಓದೋಣ. ನಾನು ವೈದ್ಯನಲ್ಲ, ಭೌತಶಾಸ್ತ್ರದವನು. ಯಾವ ರೋಗಿಗೆ ಯಾವ ಔಷಧ ಕೊಡಬೇಕು ಎಂಬುದು ನನ್ನ ವ್ಯಾಪ್ತಿಯ ಮಾತಲ್ಲ. ಆದರೆ ಎಣಿಕೆ ಮತ್ತು ಅಳತೆ ಯಾವ ವಿಜ್ಞಾನಕ್ಕೂ ಒಂದೇ. ಗೈಗರ್ ಗಣಕ 44 ಕಣಗಳನ್ನು ಎಣಿಸಿತು ಎಂದು ಬಿ.ಎಸ್ಸಿ. ವಿದ್ಯಾರ್ಥಿ ದಾಖಲೆ ಪುಸ್ತಕದಲ್ಲಿ ಬರೆದು ತಂದರೆ ನೀವು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಸೆಕೆಂಡಿನಲ್ಲಿ?’ ಎಂಬುದು. ಎರಡನೆಯದು ‘ಹಿನ್ನೆಲೆ ವಿಕಿರಣ ಎಷ್ಟಿತ್ತು?’ ಎಂಬುದು. ಆಸ್ಪತ್ರೆಯ ಸೋಂಕಿನ ಅಂಕಿಅಂಶಗಳಿಗೂ ಇದೇ ಪ್ರಶ್ನೆಗಳನ್ನು ಹಾಕಬೇಕು.

ಮೊದಲು ಹಿನ್ನೆಲೆಯನ್ನು ಸ್ವಲ್ಪ ತಿಳಿಯೋಣ. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಗಳ ಅಣುವಿನಲ್ಲಿ ನಾಲ್ಕು ಪರಮಾಣುಗಳ ಒಂದು ಪುಟ್ಟ ಉಂಗುರವಿದೆ. ಅದೇ ಬೀಟಾ ಲ್ಯಾಕ್ಟಮ್ ಉಂಗುರ. ಬ್ಯಾಕ್ಟೀರಿಯದ ಕೋಶಭಿತ್ತಿ ಕಟ್ಟುವ ಕೆಲಸವನ್ನು ಕೆಡಿಸುವುದು ಈ ಭಾಗವೇ. ಎನ್‌ಡಿಎಂ ಕಿಣ್ವ ಎರಡು ಸತುವಿನ ಅಯಾನುಗಳ ನೆರವಿನಿಂದ ಆ ಉಂಗುರವನ್ನು ಒಡೆಯುತ್ತದೆ. ಇದೇ ಬಳಗದ ಕಾರ್ಬಪೆನೆಮ್ ಎಂಬ ಪ್ರಬಲ ಔಷಧಗಳೂ ಅದರ ಮುಂದೆ ನಿಲ್ಲುವುದಿಲ್ಲ. ಬೇರೆ ಔಷಧಗಳು ಫಲಿಸದಾಗ ತೀವ್ರ ನಿಗಾ ಘಟಕದಲ್ಲಿ ವೈದ್ಯರು ಕೈ ಹಾಕುವುದು ಇವಕ್ಕೇ. 2010ರ ಹೊತ್ತಿಗೆ ಇವೂ ಕೈಕೊಟ್ಟರೆ ಉಳಿಯುತ್ತಿದ್ದದ್ದು ಹೆಚ್ಚಾಗಿ ಕೊಲಿಸ್ಟಿನ್‌ನಂಥ ಹಳೆಯ ಔಷಧಗಳು. ಅವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಈ ಕಿಣ್ವದ ಜೀನ್ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದ ಮೇಲೆ ಕುಳಿತು ಒಂದು ಜಾತಿಯ ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ದಾಟಬಲ್ಲದು. ಆದ್ದರಿಂದ ಪ್ರಬಂಧದ ವಿಷಯ ಗಂಭೀರವಾದದ್ದೇ. ಅದನ್ನು ಅಲ್ಲಗಳೆಯುವುದು ಈ ಬರಹದ ಉದ್ದೇಶವಲ್ಲ.

ಹೆಸರಿನ ಜಗಳವನ್ನು ಬೇಗ ಮುಗಿಸಿಬಿಡೋಣ. ಈ ಕಿಣ್ವ ಮೊದಲು ಸಿಕ್ಕಿದ್ದು ನವದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ ಒಬ್ಬ ರೋಗಿಯಲ್ಲಿ. ಆ ವರದಿ ಪ್ರಕಟವಾದದ್ದು 2009ರಲ್ಲಿ. ಇಂಥ ಕಿಣ್ವಗಳಿಗೆ ಊರಿನ ಹೆಸರಿಡುವ ರೂಢಿ ಮೊದಲೇ ಇತ್ತು. ಇಟಲಿಯ ವೆರೋನಾ, ಬ್ರೆಜಿಲ್‌ನ ಸಾವೊ ಪಾಲೊ, ಕೊರಿಯದ ಸೋಲ್ ನಗರಗಳ ಹೆಸರು ಹೊತ್ತ ಕಿಣ್ವಗಳಿವೆ. ಹಾಗಿದ್ದರೂ 2011ರ ಜನವರಿಯಲ್ಲಿ ದೆಹಲಿಗೆ ಬಂದಿದ್ದ ಲ್ಯಾನ್ಸೆಟ್ ಪತ್ರಿಕೆಯ ಸಂಪಾದಕ ರಿಚರ್ಡ್ ಹಾರ್ಟನ್ ಈ ಹೆಸರಿಟ್ಟದ್ದು ತಪ್ಪು ಎಂದು ಒಪ್ಪಿಕೊಂಡು ವಿಷಾದಿಸಿದರು. ನಾವು ಗೆದ್ದೆವು ಎಂದುಕೊಂಡೆವು. ಗೆದ್ದದ್ದು ಹೆಸರಿನ ವಿಷಯದಲ್ಲಿ ಮಾತ್ರ.

ಈಗ ಪ್ರಬಂಧಕ್ಕೆ ಬರೋಣ. ಎನ್‌ಡಿಎಂ-1 ಇರುವ ಬ್ಯಾಕ್ಟೀರಿಯ ಮಾದರಿಗಳು ಚೆನ್ನೈನಲ್ಲಿ 44, ಹರಿಯಾಣದಲ್ಲಿ 26, ಬ್ರಿಟನ್ನಿನಲ್ಲಿ 37, ಇತರ ಸ್ಥಳಗಳಲ್ಲಿ 73 ಸಿಕ್ಕಿವೆ ಎಂದು ಅದು ಹೇಳುತ್ತದೆ. ಒಟ್ಟು 180. ಪತ್ರಿಕೆಗಳು ಎತ್ತಿಕೊಂಡದ್ದು ಈ ಸಂಖ್ಯೆಗಳನ್ನು. ಇವೆಲ್ಲ ಭಿನ್ನರಾಶಿಯ ಮೇಲಿನ ಅಂಶಗಳು. ಕೆಳಗಿನ ಛೇದ ಯಾವುದು?

ಎರಡು ಸ್ಥಳಗಳಿಗೆ ಪ್ರಬಂಧವೇ ಛೇದ ಕೊಡುತ್ತದೆ; ಇದು ಅದರ ಗುಣ. ಚೆನ್ನೈನಲ್ಲಿ 3,521 ಮಾದರಿಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಕಾರ್ಬಪೆನೆಮ್‌ಗೆ ಬಗ್ಗದವು 141. ಅವುಗಳಲ್ಲಿ ಎನ್‌ಡಿಎಂ-1 ಇದ್ದವು 44. ಹರಿಯಾಣದಲ್ಲಿ ಪರೀಕ್ಷಿಸಿದವು 198, ಬಗ್ಗದವು 47, ಎನ್‌ಡಿಎಂ-1 ಇದ್ದವು 26. ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. 44ನ್ನು 3,521ರಿಂದ ಭಾಗಿಸಿದರೆ ಶೇಕಡಾ 1.25. ಅದೇ 44ನ್ನು 141ರಿಂದ ಭಾಗಿಸಿದರೆ ಶೇಕಡಾ 31. ಎರಡೂ ಸರಿಯಾದ ಲೆಕ್ಕಗಳೇ. ಒಂದು ‘ಪ್ರಯೋಗಾಲಯಕ್ಕೆ ಬಂದ ಮಾದರಿಗಳಲ್ಲಿ ಎಷ್ಟು?’ ಎಂಬುದಕ್ಕೆ ಉತ್ತರ, ಇನ್ನೊಂದು ‘ಈಗಾಗಲೇ ಬಗ್ಗದವು ಎಂದು ಗೊತ್ತಾದವುಗಳಲ್ಲಿ ಎಷ್ಟು?’ ಎಂಬುದಕ್ಕೆ. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನು ಮಾತ್ರ ಅಚ್ಚು ಹಾಕಿದರೆ ಓದುಗ ತನಗೆ ಬೇಕಾದ ಪ್ರಶ್ನೆಯನ್ನು ಕಲ್ಪಿಸಿಕೊಳ್ಳುತ್ತಾನೆ.

ಇದೇ ವರ್ಷದ ಮಾರ್ಚ್ ತಿಂಗಳಲ್ಲಿ, ಅಂದರೆ ಗದ್ದಲಕ್ಕೆ ಐದು ತಿಂಗಳು ಮೊದಲು, ಮುಂಬಯಿಯ ಹಿಂದುಜಾ ಆಸ್ಪತ್ರೆಯ ವೈದ್ಯರು ಭಾರತೀಯ ವೈದ್ಯರ ಸಂಘದ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದ್ದರು. ಕಾರ್ಬಪೆನೆಮ್‌ಗೆ ಬಗ್ಗದ 24 ಮಾದರಿಗಳಲ್ಲಿ 22ರಲ್ಲಿ ಎನ್‌ಡಿಎಂ-1 ಇದೆ ಎಂದು ಅದರಲ್ಲಿತ್ತು. ಶೇಕಡಾ 92! ಆಗ ಯಾರೂ ಗದ್ದಲ ಮಾಡಲಿಲ್ಲ. ನಮ್ಮವರೇ, ನಮ್ಮ ಪತ್ರಿಕೆಯಲ್ಲಿ, ನಮ್ಮ ಆಸ್ಪತ್ರೆಯ ಬಗ್ಗೆ ಬರೆದಾಗ ಓದದಿದ್ದ ನಾವು ಹೊರಗಿನ ಪತ್ರಿಕೆಯಲ್ಲಿ ಬಂದಾಗ ಎಚ್ಚೆತ್ತೆವು. ಈ 92ಕ್ಕೂ ಮೇಲಿನ ಮಾತೇ ಅನ್ವಯಿಸುತ್ತದೆ: ಛೇದ 24, ಅವೆಲ್ಲವೂ ಆರಿಸಿಕೊಂಡ ಮಾದರಿಗಳು.

ಮತ್ತೆ ಚೆನ್ನೈ ಮತ್ತು ಹರಿಯಾಣ. ಪರೀಕ್ಷಿಸಿದ ಒಟ್ಟು ಮಾದರಿಗಳನ್ನು ಛೇದವಾಗಿ ಹಿಡಿದರೆ ಒಂದು ಕಡೆ ಶೇಕಡಾ 1.25, ಇನ್ನೊಂದು ಕಡೆ 13. ಹತ್ತು ಪಟ್ಟು ಅಂತರ. ಇದು ಆಕಸ್ಮಿಕವೇ? ಪಿಯುಸಿ ಮಟ್ಟದ ಸಂಭವನೀಯತೆಯ ಸೂತ್ರ ಬಳಸಿ ಮಾನಕ ದೋಷ ಲೆಕ್ಕ ಹಾಕಿದರೆ ಚೆನ್ನೈನದು 1.25 ± 0.19, ಹರಿಯಾಣದ್ದು 13 ± 2.4. ಅಂತರ ಆಕಸ್ಮಿಕದ ಮಿತಿಯನ್ನು ಬಹಳ ಮೀರಿದೆ. ಹಾಗಾದರೆ ಹರಿಯಾಣದಲ್ಲಿ ರೋಗ ಹತ್ತು ಪಟ್ಟು ಹರಡಿತ್ತು ಎನ್ನಬಹುದೇ? ನಿಲ್ಲಿ. ಆ ಸೂತ್ರ ಬಳಸಲು ಒಂದು ಷರತ್ತಿದೆ: ಪ್ರತಿಯೊಂದು ಘಟನೆಯೂ ಇನ್ನೊಂದರಿಂದ ಸ್ವತಂತ್ರವಾಗಿರಬೇಕು. ವಿಕಿರಣಶೀಲ ಪರಮಾಣುಗಳು ಹಾಗೆಯೇ ಒಡೆಯುತ್ತವೆ. ಒಂದು ಒಡೆದದ್ದು ಪಕ್ಕದ್ದಕ್ಕೆ ಗೊತ್ತಿರುವುದಿಲ್ಲ. ಸೋಂಕು ಹಾಗಲ್ಲ, ಅದು ಅಂಟುತ್ತದೆ.

ಪ್ರಬಂಧದಲ್ಲೇ ಒಂದು ಸಾಲು ಇದೆ. ಇಡೀ ಪ್ರಬಂಧದಲ್ಲಿ ನನಗೆ ಅತ್ಯಂತ ಮಹತ್ವದ್ದಾಗಿ ಕಂಡದ್ದು ಅದೇ. ಹರಿಯಾಣದ ಕ್ಲೆಬ್ಸಿಯೆಲ್ಲ ಬ್ಯಾಕ್ಟೀರಿಯಗಳು ಒಂದೇ ತದ್ರೂಪಿ ಸಂತತಿಗೆ ಸೇರಿದವು. ಚೆನ್ನೈ ಮತ್ತು ಬ್ರಿಟನ್ನಿನವು ಪರಸ್ಪರ ಭಿನ್ನ. ಇದರ ಅರ್ಥವೇನು? ಹರಿಯಾಣದಲ್ಲಿ 26 ಬೇರೆ ಬೇರೆ ಘಟನೆಗಳು ನಡೆದಿರಲಿಲ್ಲ. ಒಂದು ಬ್ಯಾಕ್ಟೀರಿಯದ ಸಂತತಿ ಒಬ್ಬರಿಂದ ಒಬ್ಬರಿಗೆ ದಾಟುತ್ತ ಹೋಗಿರಬೇಕು. ಎಣಿಕೆಯ ದೃಷ್ಟಿಯಿಂದ ಅದು 26ಕ್ಕಿಂತ 1ಕ್ಕೆ ಹತ್ತಿರ. ನನ್ನ ± 2.4ಕ್ಕೆ ಆಗ ಬೆಲೆಯಿಲ್ಲ. ಚೆನ್ನೈನ ಚಿಕ್ಕ ಶೇಕಡಾವಾರು ನಿಜವಾಗಿ ಹೆಚ್ಚು ಕಳವಳಕಾರಿ, ಏಕೆಂದರೆ ಅಲ್ಲಿ ಜೀನು ಹಲವು ಬೇರೆ ಬೇರೆ ಸಂತತಿಗಳಿಗೆ ಈಗಾಗಲೇ ದಾಟಿತ್ತು. ದೊಡ್ಡ ಸಂಖ್ಯೆ ಸೂಚಿಸಿದ್ದು ಕೈ ತೊಳೆಯುವ ಸಮಸ್ಯೆಯನ್ನು. ಸಣ್ಣ ಸಂಖ್ಯೆ ಸೂಚಿಸಿದ್ದು ಜೀನಿನ ಹರಡುವಿಕೆಯನ್ನು. ಲೇಖಕರು ಈ ಭೇದವನ್ನು ಗುರುತಿಸಿಯೂ ಎಲ್ಲವನ್ನೂ 180ರ ಒಂದೇ ರಾಶಿಗೆ ಸೇರಿಸಿದಂತೆ ಓದುಗರಿಗೆ ಕಾಣುವ ಹಾಗೆ ಬರೆದರು. ಇದು ನನ್ನ ಮೊದಲ ಆಕ್ಷೇಪ.

ಎರಡನೆಯ ಆಕ್ಷೇಪ ಬ್ರಿಟನ್ನಿನ ಭಾಗಕ್ಕೆ ಸಂಬಂಧಿಸಿದ್ದು. ಅಲ್ಲಿನ ಮಾದರಿಗಳು 29 ರೋಗಿಗಳಿಂದ ಬಂದವು. ಅವರಲ್ಲಿ ಕನಿಷ್ಠ 17 ಮಂದಿ ಹಿಂದಿನ ಒಂದು ವರ್ಷದಲ್ಲಿ ಭಾರತ ಅಥವಾ ಪಾಕಿಸ್ತಾನಕ್ಕೆ ಹೋಗಿಬಂದಿದ್ದರು, 14 ಮಂದಿ ಅಲ್ಲಿ ಆಸ್ಪತ್ರೆ ಸೇರಿದ್ದರು. ಸಂಬಂಧವಿದೆ ಎನ್ನಲು ಇಷ್ಟು ಸಾಕು. ಆದರೆ ಅಪಾಯ ಎಷ್ಟು ಎನ್ನಲು ಆ ಅವಧಿಯಲ್ಲಿ ಇಲ್ಲಿ ಚಿಕಿತ್ಸೆ ಪಡೆದು ಮರಳಿದ ಬ್ರಿಟಿಷರು ಒಟ್ಟು ಎಷ್ಟು ಎಂಬುದು ಗೊತ್ತಾಗಬೇಕು. ಅದು ಪ್ರಬಂಧದಲ್ಲಿಲ್ಲ. ಇಲ್ಲದೆಯೇ, ಹಣ ಉಳಿಸಲು ಬ್ರಿಟಿಷ್ ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಭಾರತಕ್ಕೆ ಕಳಿಸಬೇಕೆಂಬ ಸಲಹೆ ಕಳವಳಕಾರಿ ಎಂಬ ಮಾತಿಗೆ ಲೇಖಕರು ಜಿಗಿದರು. 14 ಎಂಬುದು 1,400ರಲ್ಲಿ 14 ಆಗಿರಬಹುದು, 1,40,000ದಲ್ಲಿ 14 ಆಗಿರಬಹುದು.

ನಮ್ಮ ಕಡೆಯ ಪ್ರತಿಕ್ರಿಯೆ ಇನ್ನೂ ದುರ್ಬಲವಾಗಿತ್ತು. ಕೇಂದ್ರ ಆರೋಗ್ಯ ಸಚಿವಾಲಯ ಹೆಸರನ್ನು ಆಕ್ಷೇಪಿಸಿತು, ಸಂಶೋಧನೆಗೆ ಔಷಧ ಕಂಪನಿಯ ಹಣವೂ ಇತ್ತೆಂದು ನೆನಪಿಸಿತು, ಭಾರತದ ಆಸ್ಪತ್ರೆಗಳು ಸುರಕ್ಷಿತ ಎಂದಿತು. ಹಣದ ಮೂಲ ಕೇಳುವುದು ನ್ಯಾಯವೇ. ಆದರೆ ಒಂದು ಅಳತೆ ತಪ್ಪು ಎನ್ನುವವರು ಸರಿಯಾದ ಅಳತೆಯನ್ನು ಮುಂದಿಡಬೇಕಷ್ಟೆ. ‘ನಮ್ಮ ಇಷ್ಟು ತೀವ್ರ ನಿಗಾ ಘಟಕಗಳಲ್ಲಿ ಇಷ್ಟು ರೋಗಿಗಳಲ್ಲಿ ಇಷ್ಟು ಮಂದಿಗೆ ಈ ಸೋಂಕು’ ಎಂದು ತೋರಿಸುವ ದೇಶವ್ಯಾಪಿ ಲೆಕ್ಕವನ್ನು ಸಚಿವಾಲಯ ಆಗ ಮುಂದಿಡಲಿಲ್ಲ.

ತೀವ್ರ ನಿಗಾ ಘಟಕದಲ್ಲಿ ಈ ಲೆಕ್ಕ ಏಕೆ ವಿಶೇಷ ಎಚ್ಚರಿಕೆ ಬೇಡುತ್ತದೆ? ಅಲ್ಲಿ ಮಲಗಿರುವ ರೋಗಿಯನ್ನು ಕಲ್ಪಿಸಿಕೊಳ್ಳಿ. ಗಂಟಲಿಗೆ ಉಸಿರಾಟದ ನಳಿಗೆ, ಕತ್ತಿನ ದೊಡ್ಡ ಅಭಿಧಮನಿಗೆ ಇನ್ನೊಂದು, ಮೂತ್ರಕ್ಕೆ ಮತ್ತೊಂದು. ಚರ್ಮ ಮತ್ತು ಲೋಳೆಪೊರೆ ಎಂಬ ಸಹಜ ಗೋಡೆಗಳಿಗೆ ಮೂರು ಕಡೆ ತೂತು ಬಿದ್ದಿದೆ. ಬ್ಯಾಕ್ಟೀರಿಯಗಳು ಈ ನಳಿಗೆಗಳ ಒಳಮೈಗೆ ಅಂಟಿ ಪೊರೆ ಕಟ್ಟಿಕೊಳ್ಳುತ್ತವೆ. ಆ ಪೊರೆಯೊಳಗೆ ಔಷಧ ಸುಲಭವಾಗಿ ಇಳಿಯುವುದಿಲ್ಲ. ಪಕ್ಕದ ಹಾಸಿಗೆಯ ರೋಗಿಯನ್ನು ಮುಟ್ಟಿದ ಕೈಯೇ ಇವನನ್ನೂ ಮುಟ್ಟುತ್ತದೆ. ಹೀಗೆ ಸ್ವತಂತ್ರ ಘಟನೆಗಳ ಷರತ್ತು ಅತಿ ಹೆಚ್ಚು ಮುರಿದುಬೀಳುವ ಜಾಗ ಇದು. ಜತೆಗೆ, ನಳಿಗೆಯ ಕಫದಲ್ಲಿ ಬ್ಯಾಕ್ಟೀರಿಯ ಸಿಕ್ಕಿತು ಎಂದ ಮಾತ್ರಕ್ಕೆ ಅದೇ ರೋಗಕ್ಕೆ ಕಾರಣ ಎನ್ನುವಂತಿಲ್ಲ, ಸುಮ್ಮನೆ ನೆಲೆಸಿರಲೂಬಹುದು. ಇನ್ನು, ಮೊದಲ ಔಷಧ ಫಲಿಸದಿದ್ದಾಗ ಮಾತ್ರ ಮಾದರಿಯನ್ನು ಕಲ್ಚರ್ ಪರೀಕ್ಷೆಗೆ ಕಳಿಸುವ ಆಸ್ಪತ್ರೆಯಲ್ಲಿ ಬಗ್ಗುವ ಬ್ಯಾಕ್ಟೀರಿಯಗಳು ಲೆಕ್ಕಕ್ಕೇ ಬರುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ಎರಡು ಘಟಕಗಳು. ಎರಡರಲ್ಲೂ ಎಲ್ಲ ರೋಗಿಗಳು ಕಳೆದ ದಿನಗಳನ್ನು ಕೂಡಿಸಿದರೆ ಸಾವಿರ ದಿನ. ಮೊದಲನೆಯದರಲ್ಲಿ 20 ಸೋಂಕು, ಅವುಗಳಲ್ಲಿ ಔಷಧಕ್ಕೆ ಬಗ್ಗದವು 10. ಎರಡನೆಯದರಲ್ಲಿ 5 ಸೋಂಕು, ಬಗ್ಗದವು 4. ಶೇಕಡಾವಾರು ಬರೆದರೆ ಮೊದಲನೆಯದು 50, ಎರಡನೆಯದು 80. ಎರಡನೆಯ ಘಟಕವೇ ಕೆಟ್ಟದ್ದು ಎಂದು ಪತ್ರಿಕೆ ಬರೆಯುತ್ತದೆ. ಸಾವಿರ ರೋಗಿ-ದಿನಗಳಿಗೆ ಬಗ್ಗದ ಸೋಂಕುಗಳು ಎಷ್ಟು ಎಂದು ಕೇಳಿದರೆ 10 ಮತ್ತು 4. ನಿಮ್ಮ ಬಂಧುವನ್ನು ಎಲ್ಲಿ ಸೇರಿಸುತ್ತೀರಿ?

ಇಷ್ಟಲ್ಲದೆ ಅಳತೆಗೋಲೇ ಬದಲಾಗಿರುವುದುಂಟು. ಬ್ಯಾಕ್ಟೀರಿಯದ ಬೆಳವಣಿಗೆಯನ್ನು ನಿಲ್ಲಿಸಲು ಬೇಕಾದ ಔಷಧದ ಕನಿಷ್ಠ ಸಾಂದ್ರತೆಯನ್ನು 1, 2, 4, 8 ಮೈಕ್ರೊಗ್ರಾಂ ಎಂದು ಇಮ್ಮಡಿಯ ಮೆಟ್ಟಿಲುಗಳಲ್ಲಿ ಅಳೆಯುತ್ತಾರೆ. ಒಂದು ಮೆಟ್ಟಿಲು ಆಚೀಚೆ ಆಗುವುದನ್ನು ಪ್ರಯೋಗಾಲಯಗಳು ಒಪ್ಪಿಕೊಂಡೇ ಇವೆ. ಈ ಉಪಕರಣದ ಕನಿಷ್ಠ ಅಳತೆ ಅಷ್ಟು ಒರಟು. ಆ ಮೆಟ್ಟಿಲುಗಳ ನಡುವೆ ಗೆರೆ ಎಳೆದು ‘ಬಗ್ಗುವುದು’, ‘ಬಗ್ಗದ್ದು’ ಎಂದು ವಿಂಗಡಿಸುತ್ತಾರೆ. 2010ರಲ್ಲೇ ಅಮೆರಿಕದ ಮಾನದಂಡ ಸಂಸ್ಥೆ ಕರುಳಿನ ಬ್ಯಾಕ್ಟೀರಿಯಗಳಿಗೆ ಇಮಿಪೆನೆಮ್‌ನ ಗೆರೆಯನ್ನು 4ರಿಂದ 1ಕ್ಕೆ ಇಳಿಸಿತು. ಅಳತೆ 4 ಬಂದ ಬ್ಯಾಕ್ಟೀರಿಯ ನಿನ್ನೆ ‘ಬಗ್ಗುವುದು’ ಆಗಿದ್ದದ್ದು ಇಂದು ‘ಬಗ್ಗದ್ದು’ ಆಯಿತು. ಬ್ಯಾಕ್ಟೀರಿಯ ಅದೇ. ಬದಲಾವಣೆಗೆ ಒಳ್ಳೆಯ ವೈದ್ಯಕೀಯ ಕಾರಣಗಳಿದ್ದವು, ಒಪ್ಪೋಣ. ಆದರೆ ಆ ವರ್ಷದ ಹಿಂದಿನ ಮತ್ತು ಮುಂದಿನ ಶೇಕಡಾಗಳನ್ನು ಒಂದೇ ನಕ್ಷೆಯಲ್ಲಿ ಗೆರೆ ಎಳೆದು ಜೋಡಿಸುವವರು ಇದನ್ನು ಹೇಳಬೇಕಲ್ಲವೆ?

ಛೇದವನ್ನು ಹೇಗೆ ಎಣಿಸಬೇಕು ಎಂದು ತೋರಿಸಿದ ಪ್ರಬಂಧವೂ ದೆಹಲಿಯಿಂದಲೇ ಬಂತು. 2016ರಲ್ಲಿ ‘ದಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪ್ರಕಟಿಸಿದ ಇದು ದೆಹಲಿಯ ಮೂರು ದೊಡ್ಡ ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶು ತೀವ್ರ ನಿಗಾ ಘಟಕಗಳ ಅಧ್ಯಯನ. 2011ರ ಜುಲೈಯಿಂದ 2014ರ ಫೆಬ್ರವರಿಯವರೆಗೆ ಆ ಆಸ್ಪತ್ರೆಗಳಲ್ಲಿ ಹುಟ್ಟಿದ ಶಿಶುಗಳು 88,636. ಅವರಲ್ಲಿ ನಿಗಾ ಘಟಕಕ್ಕೆ ಬಂದು ಅಧ್ಯಯನಕ್ಕೆ ಸೇರಿದವರು 13,530. ಮೊದಲು ಶಿಶುಗಳನ್ನು ಎಣಿಸಿ, ಆಮೇಲೆ ಸೋಂಕನ್ನು ಎಣಿಸಿದ್ದಾರೆ. ಕಲ್ಚರ್‌ನಲ್ಲಿ ಖಚಿತವಾದ ರಕ್ತದ ನಂಜು ಶೇಕಡಾ 6.2 ಶಿಶುಗಳಿಗೆ. ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯದ 222 ಮಾದರಿಗಳಲ್ಲಿ 181 ಹಲವು ಔಷಧಗಳಿಗೆ ಬಗ್ಗದವು, ಕ್ಲೆಬ್ಸಿಯೆಲ್ಲ 169ರಲ್ಲಿ 91, ಇ. ಕೋಲೈ 137ರಲ್ಲಿ 52. ಪತ್ರಿಕೆಗಳಲ್ಲಿ ಓಡಾಡಿದ್ದು ಮೊದಲ ಜೋಡಿಯಿಂದ ಬರುವ ಶೇಕಡಾ 82. ಈಗ ಅದೇ 181ನ್ನು 13,530ರಿಂದ ಭಾಗಿಸಿ. ಶೇಕಡಾ 1.3. ಘಟಕಕ್ಕೆ ಬಂದ ನೂರು ಶಿಶುಗಳಿಗೆ ಒಂದಕ್ಕಿಂತ ಸ್ವಲ್ಪ ಹೆಚ್ಚು. 82 ಎಂಬುದು ಔಷಧ ಆರಿಸುವ ವೈದ್ಯರಿಗೆ ಬೇಕಾದ ಸಂಖ್ಯೆ. 1.3 ಎಂಬುದು ಮಗುವಿನ ತಾಯಿಗೆ ಬೇಕಾದ ಸಂಖ್ಯೆ. ಎರಡನ್ನೂ ಲೆಕ್ಕ ಹಾಕಲು ಬೇಕಾದದ್ದನ್ನೆಲ್ಲ ಒಂದೇ ಪ್ರಬಂಧ ಕೊಟ್ಟಿದೆ, ಅದಕ್ಕಾಗಿ ನಾನು ಅದನ್ನು ಮೆಚ್ಚುತ್ತೇನೆ.

ಇನ್ನೊಂದು ಫಲಿತಾಂಶ ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ನಂಜಿನ ಪ್ರಕರಣಗಳಲ್ಲಿ ಸುಮಾರು ಮೂರನೇ ಎರಡು ಭಾಗ ಹುಟ್ಟಿದ 72 ಗಂಟೆಗಳೊಳಗೇ ಕಾಣಿಸಿಕೊಂಡವು. ಆಗ ಸಿಕ್ಕ ಬ್ಯಾಕ್ಟೀರಿಯಗಳೂ ಅವುಗಳ ಪ್ರತಿರೋಧವೂ ಆಮೇಲಿನ ಪ್ರಕರಣಗಳಲ್ಲಿ ಸಿಕ್ಕವುಗಳಂತೆಯೇ ಇದ್ದವು. ಬದುಕಿನಲ್ಲಿ ಔಷಧವನ್ನೇ ಕಾಣದಿದ್ದ ಮೂರು ದಿನದ ಮಗುವಿಗೆ ಹಲವು ಔಷಧಗಳನ್ನು ಸೋಲಿಸಿದ ಬ್ಯಾಕ್ಟೀರಿಯ ಅಂಟಿದ್ದರೆ ಅದು ಹೆರಿಗೆ ಕೋಣೆಯಿಂದಲೋ ನಿಗಾ ಘಟಕದಿಂದಲೋ ಬಂದಿರುವ ಸಾಧ್ಯತೆಯೇ ಹೆಚ್ಚು. ಹರಿಯಾಣದ ತದ್ರೂಪಿ ಸಂತತಿಯ ಕತೆಗೂ ಇದಕ್ಕೂ ನಂಟಿದೆ.

ಈ ಪ್ರಬಂಧಕ್ಕೂ ಆಕ್ಷೇಪವಿದೆ. ಸಾವಿನಲ್ಲಿ ಸೋಂಕಿನ ಪಾಲನ್ನು ಸಾರಾಂಶ ಹೀಗೆ ಕೊಡುತ್ತದೆ: ಹಲವು ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯದ ನಂಜಿನ ಪಾಲು ಶೇಕಡಾ 15.7, ಬಗ್ಗುವ ಬ್ಯಾಕ್ಟೀರಿಯದ್ದು 12.0. ಅಂತರ ಇಷ್ಟೇ ಎಂದ ಮೇಲೆ ಪ್ರತಿರೋಧದಿಂದ ಹೆಚ್ಚಿನ ಹಾನಿಯಿಲ್ಲ ಎಂದು ಅವಸರದ ಓದುಗ ತೀರ್ಮಾನಿಸಬಹುದು. ಆದರೆ ಈ ಪಾಲಿನಲ್ಲಿ ಎರಡು ವಿಷಯ ಬೆರೆತಿವೆ: ಸೋಂಕು ಎಷ್ಟು ಶಿಶುಗಳಿಗೆ ತಗಲಿತು, ತಗಲಿದವರಲ್ಲಿ ಎಷ್ಟು ಮಾರಕ. ಎರಡು ಚರಗಳ ಗುಣಲಬ್ಧವನ್ನು ಕೊಟ್ಟು ಒಂದನ್ನು ಊಹಿಸಲು ಬಿಟ್ಟಂತೆ. ಸಾರಾಂಶ ಮಾತ್ರ ಓದುವವರೇ ಹೆಚ್ಚಿರುವಾಗ ಅಲ್ಲಿ ಇದಕ್ಕಿಂತ ಸರಳವಾದ ಸಂಖ್ಯೆ ಇರಬೇಕಿತ್ತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2013ರಲ್ಲಿ ಪ್ರತಿರೋಧದ ಕಣ್ಗಾವಲು ಜಾಲವನ್ನು ಆರಂಭಿಸಿ ವಾರ್ಷಿಕ ವರದಿಗಳನ್ನು ಹೊರತರುತ್ತಿದೆ. ಇಮಿಪೆನೆಮ್‌ಗೆ ಬಗ್ಗುವ ಕ್ಲೆಬ್ಸಿಯೆಲ್ಲ 2016ರಲ್ಲಿ ಶೇಕಡಾ 65 ಇದ್ದದ್ದು 2021ರಲ್ಲಿ 43ಕ್ಕೆ ಇಳಿದದ್ದು ಈ ವರದಿಗಳಿಂದಲೇ ನಮಗೆ ಗೊತ್ತಾಯಿತು. ಒಂದೇ ಜಾಲ, ಒಂದೇ ವಿಧಾನ. ಆದ್ದರಿಂದ ಇಳಿಕೆಯ ದಿಕ್ಕನ್ನು ನಂಬಬಹುದು. 43 ಎಂಬ ಬೆಲೆಯನ್ನು ಇಡೀ ದೇಶಕ್ಕೆ ಅನ್ವಯಿಸುವುದು ಬೇರೆ ಮಾತು. ಜಾಲದಲ್ಲಿರುವವು ಹೆಚ್ಚಾಗಿ ದೊಡ್ಡ ಆಸ್ಪತ್ರೆಗಳು. ಬೇರೆ ಕಡೆ ಗುಣವಾಗದೆ ಬಂದವರು ಅಲ್ಲಿನ ರೋಗಿಗಳಲ್ಲಿ ಬಹಳ. ಇದು ಯಾದೃಚ್ಛಿಕ ದೋಷವಲ್ಲ, ವ್ಯವಸ್ಥಿತ ದೋಷ. ಮಾದರಿಗಳನ್ನು ಎಷ್ಟು ಹೆಚ್ಚಿಸಿದರೂ ಹೋಗದು.

ಇದು ಬರಿಯ ಲೆಕ್ಕದ ಶುಚಿತ್ವದ ಪ್ರಶ್ನೆಯಲ್ಲ. ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ನಂಜು ಏರಿದ ರೋಗಿ ಅಷ್ಟು ಕಾಯಲಾರ. ವೈದ್ಯರು ತಮಗೆ ತಿಳಿದ ಶೇಕಡಾವಾರು ನೋಡಿ ಮೊದಲ ಔಷಧ ಆರಿಸುತ್ತಾರೆ. ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮ್‌ನ ವೈದ್ಯರ ಬಳಿ ತಮ್ಮದೇ ಅಂಕಿಅಂಶವಿಲ್ಲದಿದ್ದರೆ ಮಹಾನಗರದ ತೀವ್ರ ನಿಗಾ ಘಟಕದ ಶೇಕಡಾವನ್ನೇ ನಂಬುತ್ತಾರೆ. ಆ ಸಂಖ್ಯೆ ತಮ್ಮ ರೋಗಿಗಳ ಮಟ್ಟಿಗೆ ಅತಿಯಾಗಿದ್ದರೆ, ಸಾಮಾನ್ಯ ಔಷಧಕ್ಕೆ ಬಗ್ಗುತ್ತಿದ್ದ ಸೋಂಕಿಗೂ ಕಾರ್ಬಪೆನೆಮ್ ಚುಚ್ಚುತ್ತಾರೆ. ಬಳಕೆ ಹೆಚ್ಚಿದಷ್ಟೂ ಬಗ್ಗದ ಬ್ಯಾಕ್ಟೀರಿಯಗಳಿಗೆ ಅನುಕೂಲ. ಮುಂದಿನ ವರ್ಷದ ಶೇಕಡಾ ಇನ್ನೂ ಮೇಲೇರುತ್ತದೆ. ಧ್ವನಿವರ್ಧಕದ ಮುಂದೆ ಮೈಕು ಹಿಡಿದಾಗ ಏಳುವ ಕೀರಲು ಶಬ್ದದ ಹಾಗೆ ಇದು ತನ್ನನ್ನು ತಾನೇ ಹಿಗ್ಗಿಸಿಕೊಳ್ಳುವ ಮಂಡಲ. ಇದಕ್ಕೆ ವಿರುದ್ಧವಾದ ತಪ್ಪೂ ಸಾಧ್ಯ. ಸ್ಥಳೀಯ ಪ್ರತಿರೋಧ ನಿಜಕ್ಕೂ ಹೆಚ್ಚಿದ್ದು, ಗೊತ್ತಿಲ್ಲದೆ ಸಾಮಾನ್ಯ ಔಷಧದಿಂದ ಆರಂಭಿಸಿದರೆ ಕಳೆದುಹೋಗುವುದು ರೋಗಿಯ ಮೊದಲ ಎರಡು ದಿನ.

ಛೇದವನ್ನು ಎಣಿಸುವ ಕೆಲಸ ಈಗ ದೇಶದಲ್ಲಿ ಶುರುವಾಗಿದೆ. 2017ರ ಮೇ ತಿಂಗಳಿಂದ 2018ರ ಅಕ್ಟೋಬರ್‌ವರೆಗೆ 26 ಆಸ್ಪತ್ರೆಗಳ 89 ತೀವ್ರ ನಿಗಾ ಘಟಕಗಳಲ್ಲಿ ನಡೆದ ಕಣ್ಗಾವಲಿನ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಆಸ್ಪತ್ರೆಯಲ್ಲೇ ತಗಲಿದ ರಕ್ತದ ಸೋಂಕುಗಳು 2,622 ಎಂದು ಎಣಿಸಿ, ಅವನ್ನು ರೋಗಿ-ದಿನಗಳಿಂದ ಭಾಗಿಸಿ, ಸಾವಿರಕ್ಕೆ ಎಷ್ಟು ಎಂದು ಅದು ಕೊಡುತ್ತದೆ. ನವಜಾತ ಶಿಶುಗಳ ಘಟಕಗಳನ್ನು ದೊಡ್ಡವರ ಘಟಕಗಳಿಂದ ಬೇರೆಯಾಗಿಯೇ ತೋರಿಸುತ್ತದೆ. ನಿಮ್ಮ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ 2010ರ ಪ್ರಬಂಧವನ್ನೂ ಇದನ್ನೂ ಒಟ್ಟಿಗೆ ಕೊಟ್ಟು, ಪ್ರತಿಯೊಂದು ಶೇಕಡಾವಾರಿನ ಕೆಳಗೂ ಅದರ ಛೇದವನ್ನು ಪೆನ್ಸಿಲಿನಲ್ಲಿ ಬರೆಯಲು ಹೇಳಿ. ಒಂದು ಮಧ್ಯಾಹ್ನದ ಕೆಲಸ. ಈ 26 ಆಸ್ಪತ್ರೆಗಳೂ ಕಲ್ಚರ್ ಪರೀಕ್ಷೆಯ ಸೌಲಭ್ಯ ಉಳ್ಳವು ಎಂಬುದನ್ನೂ ಅವರು ಅಂಚಿನಲ್ಲಿ ಗುರುತು ಮಾಡಿಕೊಳ್ಳಲಿ; ಆ ಸೌಲಭ್ಯವಿಲ್ಲದ ನಿಗಾ ಘಟಕಗಳು ಇನ್ನೂ ಯಾವ ಪಟ್ಟಿಯಲ್ಲೂ ಬಂದಿಲ್ಲ.